ಕೈತಪ್ಪಿ ಒಡೆದದ್ದಕ್ಕೆ ಯಾವ ಇಂಗ್ಲಿಷ್?

ಲಂಡನ್ನಿನಲ್ಲೋ ಟೊರಾಂಟೊದಲ್ಲೋ ಊಟಕ್ಕೆ ಕರೆದವರ ಮನೆಯಲ್ಲಿ ಗಾಜಿನ ಬಟ್ಟಲೊಂದು ಕೈಜಾರಿ ನೆಲಕ್ಕೆ ಬಿತ್ತು ಎಂದಿಟ್ಟುಕೊಳ್ಳಿ. ಓದಿ ಇಂಗ್ಲಿಷ್ ಕಲಿತ ಕನ್ನಡಿಗನ ಬಾಯಿಗೆ ಥಟ್ಟನೆ ಬರುವ ಮಾತು ‘ಐ ವಿಲ್ ಕಾಂಪೆನ್ಸೇಟ್ ಯೂ ಫಾರ್ ದ ಡ್ಯಾಮೇಜ್’. ವ್ಯಾಕರಣದಲ್ಲಿ ತಪ್ಪು ಹುಡುಕಿದರೆ ಸಿಗದು. ಆದರೂ ಮನೆಯವರು ಒಂದು ಗಳಿಗೆ ತಬ್ಬಿಬ್ಬಾಗುತ್ತಾರೆ. ಬಟ್ಟಲು ಒಡೆದದ್ದಕ್ಕೆ ವಕೀಲರ ನೋಟಿಸು ಬಂದಂತಾಯಿತಲ್ಲ! ಅಲ್ಲೇ ಹುಟ್ಟಿ ಬೆಳೆದವನಾದರೆ ‘ಓ ನೋ, ಐ ಆಮ್ ಸೋ ಸಾರಿ. ಲೆಟ್ ಮಿ ಪೇ ಫಾರ್ ದಟ್’ ಎಂದು ಪೊರಕೆ ಎಲ್ಲಿದೆ ಎಂದು ಕೇಳುತ್ತಿದ್ದ.

ನಮಗೆ ಪದಗಳ ಬಡತನವೇನಿಲ್ಲ. ಪದಗಳು ಬಂದ ದಾರಿ ಬೇರೆ, ಅಷ್ಟೆ. ನಷ್ಟ, ಪರಿಹಾರಗಳ ಇಂಗ್ಲಿಷ್ ನಮ್ಮಲ್ಲಿಗೆ ಅಡುಗೆಮನೆಯಿಂದ ಬರಲಿಲ್ಲ, ಕಚೇರಿಯಿಂದ ಬಂತು. 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಮು ಕರಾರು ಮುರಿದವನು ಕೊಡಬೇಕಾದ ಕಾಂಪೆನ್ಸೇಷನ್ನಿನದು, 124ನೆಯದು ಇಂಡೆಮ್ನಿಟಿಯದು. ಆಮೇಲೆ ಬಂದದ್ದು ವಿಮೆಯ ಕ್ಲೈಮು, ಅಪಘಾತದ ಕೇಸಿನ ಸೆಟಲ್‌ಮೆಂಟು, ರಸ್ತೆಗೆ ಹೋದ ಜಮೀನಿನ ಕಾಂಪೆನ್ಸೇಷನ್ನು. ಸಕಲೇಶಪುರದ ಕಡೆ ಆನೆ ತುಳಿದ ತೋಟದ ಯಜಮಾನ ಇಂಗ್ಲಿಷ್ ಶಾಲೆಗೆ ಹೋಗದೆ ಇದ್ದರೂ ‘ಕಾಂಪೆನ್ಸೇಷನ್ ಬಂತೇನಪ್ಪ?’ ಎಂದು ಕೇಳಬಲ್ಲ. ಈ ಪದಗಳೆಲ್ಲ ಅರ್ಜಿ, ಮೊಹರು, ಸಾಕ್ಷಿಗಳ ಜೊತೆ ಬಂದವು. ಅವುಗಳಲ್ಲೇ ಒಂದನ್ನು ಎತ್ತಿಕೊಂಡು ಗೆಳೆಯನ ಮನೆಯ ಬಟ್ಟಲಿಗೆ ಬಳಸಿದಾಗ ಮಾತು ಸೆಟೆದುಕೊಳ್ಳುತ್ತದೆ.

ದಿನಬಳಕೆಯ ಇಂಗ್ಲಿಷ್ ಈ ಕೆಲಸಕ್ಕೆ ಸಣ್ಣ ಸಣ್ಣ ಕ್ರಿಯಾಪದಗಳನ್ನೇ ನೆಚ್ಚಿಕೊಂಡಿದೆ. ಒಡೆದ ಚಿಕ್ಕ ವಸ್ತುವಿಗೆ ‘ಐ ವಿಲ್ ಪೇ ಫಾರ್ ಇಟ್’. ಅಂಥದ್ದೇ ಇನ್ನೊಂದು ತಂದುಕೊಡುವುದಾದರೆ ‘ಐ ವಿಲ್ ರಿಪ್ಲೇಸ್ ಇಟ್’, ಇನ್ನೂ ಸಲೀಸಾಗಿ ‘ಐ ವಿಲ್ ಗೆಟ್ ಯೂ ಎ ನ್ಯೂ ವನ್’. ರಿಪೇರಿಯಾಗುವಂಥದ್ದಾದರೆ ‘ಐ ವಿಲ್ ಗೆಟ್ ಇಟ್ ಫಿಕ್ಸ್ಡ್’. ಖರ್ಚು ಎಷ್ಟಾಗುತ್ತದೋ ಗೊತ್ತಿಲ್ಲ, ಆದರೆ ಅದು ನನ್ನದು ಎನ್ನುವುದಕ್ಕೆ ‘ಐ ವಿಲ್ ಕವರ್ ದ ಕಾಸ್ಟ್’. ಲೆಕ್ಕ ಕೇಳುವುದಕ್ಕೆ ‘ಹೌ ಮಚ್ ಡು ಐ ಓ ಯೂ?’ ಕನ್ನಡದಲ್ಲಿ ‘ಎಷ್ಟಾಯ್ತು ಹೇಳಿ’ ಎಂದಾಗ ಇರುವ ಸಲಿಗೆ, ಮರ್ಯಾದೆ ಎರಡೂ ಈ ಕೊನೆಯ ಪ್ರಶ್ನೆಯಲ್ಲಿವೆ. ಅದನ್ನು ನಮ್ಮವರು ಬಳಸುವುದು ಕಡಿಮೆ.

‘ಪೇ’ ಎಂಬ ಪದದ ಬೆನ್ನಿಗಿರುವ ‘ಫಾರ್’ ಬಿಟ್ಟುಹೋಗುವುದು ಇನ್ನೊಂದು ತೊಡಕು. ಬಿಲ್ಲನ್ನು ‘ಪೇ’ ಮಾಡಬಹುದು, ಆಟೋದವನನ್ನು ‘ಪೇ’ ಮಾಡಬಹುದು, ಗಾಜನ್ನು ಮಾತ್ರ ‘ಪೇ ಫಾರ್’ ಮಾಡಬೇಕು. ಕನ್ನಡದಲ್ಲಿ ‘ಗಾಜಿಗೆ ದುಡ್ಡು ಕೊಡ್ತೀನಿ’ ಎಂದೂ ಹೇಳುತ್ತೇವೆ, ‘ಗಾಜಿನ ದುಡ್ಡು ಕೊಡ್ತೀನಿ’ ಎಂದೂ ಹೇಳುತ್ತೇವೆ. ಮೊದಲನೆಯದನ್ನು ಹಿಡಿದು ಹೊರಟರೆ ಇಂಗ್ಲಿಷ್ ನೆಟ್ಟಗೆ ಬರುತ್ತದೆ. ಎರಡನೆಯದನ್ನು ಹಿಡಿದರೆ ‘ಐ ವಿಲ್ ಗಿವ್ ದ ಗ್ಲಾಸ್ ಅಮೌಂಟ್’ ಆಗುತ್ತದೆ. ಈ ‘ಅಮೌಂಟ್’ ಬ್ಯಾಂಕಿನ ಚಲನ್ನಿನಿಂದ ಎದ್ದು ಬಂದ ಪದ. ಜಯನಗರದಲ್ಲಿ ಅದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ, ಏರಿಸಬೇಕಾಗಿಯೂ ಇಲ್ಲ. ಭಾರತದ ಇಂಗ್ಲಿಷ್ ನಮ್ಮದೇ ಒಂದು ಇಂಗ್ಲಿಷ್, ಇಲ್ಲಿ ಅದು ಸಲ್ಲುತ್ತದೆ. ಮ್ಯಾಂಚೆಸ್ಟರಿನಲ್ಲಿ ಮಾತ್ರ ಕೇಳಿದವರು ಇನ್ನೊಮ್ಮೆ ಹೇಳಿ ಎಂದಾರು.

ಇನ್ನೊಂದು ಎಚ್ಚರಿಕೆ. ‘ಯೂ ವಿಲ್ ಹ್ಯಾವ್ ಟು ಪೇ ಫಾರ್ ಇಟ್’ ಎಂದು ಅಂಗಡಿಯವ ಹೇಳಿದರೆ ಅದು ಬಿಲ್ಲಿನ ಮಾತು. ‘ಯೂ ವಿಲ್ ಪೇ ಫಾರ್ ದಿಸ್’ ಎಂದರೆ ಬೆದರಿಕೆ, ನಮ್ಮ ‘ಇದಕ್ಕೆ ತಕ್ಕ ಬೆಲೆ ತೆರ್ತೀಯ’ ಎಂಬುದರ ತಮ್ಮ. ಮನೆ ಮಾಲೀಕರಾಗಿ ಬಾಡಿಗೆದಾರನಿಗೆ ಮೆಸೇಜು ಕಳಿಸುವವರು ಈ ಎರಡನ್ನೂ ಅದಲುಬದಲು ಮಾಡಬಾರದು.

ಹಣದ ಮಾತಿಗಿಂತ ಮೊದಲು ಒಡೆದದ್ದು ಹೇಗೆ ಎಂಬ ಮಾತು ಬರುತ್ತದೆ. ನನಗೆ ಕಾಣುವಂತೆ ಕನ್ನಡಕ್ಕೂ ಇಂಗ್ಲಿಷಿಗೂ ದೊಡ್ಡ ಅಂತರ ಇರುವುದು ಅಲ್ಲಿಯೇ. ಲೋಟ ಬಿದ್ದಾಗ ನಾವು ‘ನಾನು ಲೋಟ ಒಡೆದೆ’ ಎನ್ನುವುದು ಅಪರೂಪ. ‘ಲೋಟ ಒಡೆದುಹೋಯ್ತು’ ಎನ್ನುತ್ತೇವೆ. ಸ್ವಲ್ಪ ಪ್ರಾಮಾಣಿಕರಾಗಿದ್ದರೆ ‘ನನ್ನ ಕೈಯಿಂದ ಒಡೆದುಹೋಯ್ತು’. ಈ ‘ನನ್ನ ಕೈಯಿಂದ’ ಎಂಬುದು ಬಹಳ ಹದವಾದ ಪ್ರಯೋಗ. ಹೊಣೆಯನ್ನು ಒಪ್ಪಿಕೊಂಡಂತೆಯೂ ಆಯಿತು, ಬೇಕೆಂದು ಮಾಡಲಿಲ್ಲ ಎಂದಂತೆಯೂ ಆಯಿತು. ಇದನ್ನು ಹಾಗೇ ಇಂಗ್ಲಿಷಿಗೆ ಎತ್ತಿದರೆ ‘ಇಟ್ ಗಾಟ್ ಬ್ರೋಕನ್ ಫ್ರಮ್ ಮೈ ಹ್ಯಾಂಡ್’ ಎಂಬ ವಿಚಿತ್ರ ಪ್ರಾಣಿ ಹುಟ್ಟುತ್ತದೆ. ಬರೀ ‘ದ ಗ್ಲಾಸ್ ಬ್ರೋಕ್’ ಎಂದರೆ ನುಣುಚಿಕೊಳ್ಳುತ್ತಿದ್ದಾನೆ ಎನಿಸುತ್ತದೆ. ಇಂಗ್ಲಿಷ್ ಕೇಳುವುದು ‘ಐ ಬ್ರೋಕ್ ಎ ಗ್ಲಾಸ್’ ಎಂಬ ನೇರ ಮಾತನ್ನು, ಕೈಜಾರಿ ಆದದ್ದಕ್ಕೂ. ಅದನ್ನು ಮೆದುಗೊಳಿಸಲು ಇಂಗ್ಲೆಂಡಿನವರು ಮುಂದೊಂದು ‘ಐ ಆಮ್ ಅಫ್ರೇಡ್’ ಸೇರಿಸುತ್ತಾರೆ: ‘ಐ ಆಮ್ ಅಫ್ರೇಡ್ ಐ ಹ್ಯಾವ್ ಬ್ರೋಕನ್ ಯುವರ್ ಗ್ಲಾಸ್’. ಹೆದರಿಕೆ ಅಲ್ಲಿ ಹೆಸರಿಗಷ್ಟೆ.

ಈ ವಾಕ್ಯರಚನೆ ಕಿಸೆಗೂ ಮುಟ್ಟುತ್ತದೆ ಎಂದು ತೋರಿಸಿದ್ದು ಅಮೆರಿಕದ ಮನೋವಿಜ್ಞಾನಿಗಳಾದ ಕೈಟ್ಲಿನ್ ಫಾಸಿ ಮತ್ತು ಲೆರಾ ಬೊರೊಡಿಟ್ಸ್ಕಿ. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಓದುಗರಿಗೆ ಹೋಟೆಲೊಂದರಲ್ಲಿ ಮೇಣದ ಬತ್ತಿ ಉರುಳಿ ಬೆಂಕಿ ಹತ್ತಿದ ಕಥೆ ಕೊಟ್ಟರು. ಒಂದು ಗುಂಪಿಗೆ ಕೊಟ್ಟ ಕಥೆಯಲ್ಲಿ ಊಟಕ್ಕೆ ಬಂದ ಮಹಿಳೆ ಬತ್ತಿ ಉರುಳಿಸಿದಳು, ಇನ್ನೊಂದು ಗುಂಪಿನದರಲ್ಲಿ ಬತ್ತಿ ಉರುಳಿತು. ಮಿಕ್ಕದ್ದೆಲ್ಲ ಒಂದೇ. ‘ಉರುಳಿಸಿದಳು’ ಎಂದು ಓದಿದವರು ಆಕೆಯನ್ನು ಹೆಚ್ಚು ದೂರಿದರು, ಆಕೆ ಕೊಡಬೇಕಾದ ಹಣವನ್ನೂ ಹೆಚ್ಚಿಸಿದರು. 2004ರ ಸೂಪರ್ ಬೌಲ್ ವೇದಿಕೆಯ ಮೇಲೆ ಗಾಯಕಿ ಜಾನೆಟ್ ಜಾಕ್ಸನ್ ಅವರ ಉಡುಪು ಹರಿದ ಪ್ರಕರಣವನ್ನೂ ಹೀಗೆಯೇ ಎರಡು ರೀತಿ ಬರೆದು ಕೊಟ್ಟರು. ಸಹಗಾಯಕ ಉಡುಪು ‘ಹರಿದ’ ಎಂದು ಓದಿದವರು, ಉಡುಪು ‘ಹರಿಯಿತು’ ಎಂದು ಓದಿದವರಿಗಿಂತ ಅವನಿಗೆ ಶೇಕಡಾ 53ರಷ್ಟು ಹೆಚ್ಚು ದಂಡ ಹಾಕಿದರು. ಘಟನೆಯ ವಿಡಿಯೊ ನೋಡಿದ್ದವರೂ ಈ ಪ್ರಭಾವದಿಂದ ತಪ್ಪಿಸಿಕೊಳ್ಳಲಿಲ್ಲ. ಅಂದಮೇಲೆ ‘ಒಡೆದುಹೋಯ್ತು’ ಎಂಬ ನಮ್ಮ ಹಳೇ ಅಭ್ಯಾಸ ಬರೀ ಸಂಕೋಚವಲ್ಲ, ಕಾಸು ಉಳಿಸುವ ಜಾಣತನವೂ ಹೌದು.

ಪತ್ರಿಕೆಗಳ ಭಾಷೆಯಲ್ಲೂ ಇದನ್ನು ಕಾಣಬಹುದು. 2006ರ ಜನವರಿಯಲ್ಲಿ ಕೇಂಬ್ರಿಜ್ಜಿನ ಫಿಟ್ಸ್‌ವಿಲಿಯಂ ಮ್ಯೂಸಿಯಮ್ಮಿಗೆ ಬಂದ ಒಬ್ಬ ಪ್ರೇಕ್ಷಕ ಮೆಟ್ಟಿಲಿನ ಮೇಲೆ ಎಡವಿ ಕಿಟಕಿಯ ಕಟ್ಟೆಯಲ್ಲಿದ್ದ ಮೂರು ಚೀನೀ ಹೂದಾನಿಗಳನ್ನು ಚೂರುಚೂರು ಮಾಡಿದ. ಚಿಂಗ್ ಕಾಲದ ಹೂದಾನಿಗಳವು. ಅವನ ಷೂ ದಾರ ಬಿಚ್ಚಿತ್ತಂತೆ. ಆಗಿನ ಇಂಗ್ಲಿಷ್ ಪತ್ರಿಕೆಗಳಲ್ಲಿ ಅವನು ಎಡವಿದ, ಮುಗ್ಗರಿಸಿದ ಎಂಬ ಕ್ರಿಯಾಪದಗಳದೇ ಕಾರುಬಾರು. ಅವನ್ನು ಒಡೆದವನು ಎಂಬ ಒಂದೇ ಹೆಸರು ಕೊಟ್ಟಿದ್ದರೆ ಓದುಗರ ಮನಸ್ಸಿನಲ್ಲಿ ಅವನ ತಲೆಯ ಮೇಲೆ ಎಷ್ಟು ಪೌಂಡು ಕೂರುತ್ತಿತ್ತೋ! ಹೂದಾನಿಗಳನ್ನು ಚೂರು ಚೂರೇ ಜೋಡಿಸಿ ಮತ್ತೆ ಇಟ್ಟಿದ್ದಾರೆ.

‘ಬೈ ಮಿಸ್ಟೇಕ್ ಆಯ್ತು ಸಾರ್’ ಎನ್ನುವುದು ನಮ್ಮ ಇನ್ನೊಂದು ಸಿದ್ಧ ಉತ್ತರ. ಇಂಗ್ಲಿಷ್ ಇಲ್ಲಿ ಗೆರೆ ಎಳೆಯುತ್ತದೆ. ಬೇರೆಯವರ ಛತ್ರಿ ನನ್ನದೆಂದು ತಿಳಿದು ಎತ್ತಿಕೊಂಡು ಹೋದರೆ ಅದು ‘ಬೈ ಮಿಸ್ಟೇಕ್’, ತಿಳಿವಳಿಕೆ ತಪ್ಪಿದ್ದು. ಕೈ ತಗುಲಿ ಕಪ್ಪು ಉರುಳಿದರೆ ಅದು ‘ಬೈ ಆಕ್ಸಿಡೆಂಟ್’ ಅಥವಾ ‘ಆಕ್ಸಿಡೆಂಟಲಿ’. ಅಮೆರಿಕದ ಎಳೆಯರು ‘ಆನ್ ಆಕ್ಸಿಡೆಂಟ್’ ಎನ್ನುತ್ತಾರೆ, ಹಿರಿಯರು ಅದಕ್ಕೆ ಮೂಗು ಮುರಿಯುತ್ತಾರೆ. ನಮಗೆ ತೊಡಕಾಗುವುದು ಕನ್ನಡದೊಳಗೆ ಆಕ್ಸಿಡೆಂಟ್ ಎಂದರೆ ರಸ್ತೆ, ರಕ್ತ, ಆಂಬುಲೆನ್ಸ್ ಎಂದೇ ಆಗಿರುವುದರಿಂದ. ಕಪ್ಪು ಒಡೆದದ್ದಕ್ಕೆ ಆ ಪದ ಬಳಸಲು ಬಾಯಿ ಹಿಂಜರಿಯುತ್ತದೆ.

ಡ್ಯಾಮೇಜ್ ಎಂಬುದರ ಕಥೆ ಇನ್ನೂ ಸ್ವಾರಸ್ಯ. ಏಕವಚನದಲ್ಲಿ ಅದು ಹಾನಿ. ಬಹುವಚನದಲ್ಲಿ, ಅಂದರೆ ‘ಡ್ಯಾಮೇಜಸ್’ ಆದಾಗ, ಕೋರ್ಟು ಕೊಡಿಸುವ ಹಣ. ‘ಐ ವಿಲ್ ಪೇ ಫಾರ್ ದ ಡ್ಯಾಮೇಜ್’ ಎಂದರೆ ಹಾಳಾದದ್ದಕ್ಕೆ ಕೊಡುತ್ತೇನೆ. ‘ಐ ವಿಲ್ ಪೇ ಡ್ಯಾಮೇಜಸ್’ ಎಂದರೆ ನ್ಯಾಯಾಧೀಶರು ಹೇಳಿದಷ್ಟು ಕೊಡುತ್ತೇನೆ. ಕಾರಿಗೆ ಎರಡು ಕಡೆ ತರಚಿದೆ ಎಂದು ಹೇಳಲು ‘ಟು ಡ್ಯಾಮೇಜಸ್’ ಎಂದು ಬರೆದ ವಿಮೆ ಅರ್ಜಿಗಳು ನಮ್ಮಲ್ಲಿ ಮಾಮೂಲು. ಇದೆಲ್ಲದರ ಮೇಲೆ ಬ್ರಿಟಿಷರ ತಮಾಷೆಯೊಂದಿದೆ. ಹೋಟೆಲಿನಲ್ಲಿ ಊಟ ಮುಗಿಸಿ ‘ವಾಟ್ಸ್ ದ ಡ್ಯಾಮೇಜ್?’ ಎಂದರೆ ಏನು ಮುರಿಯಿತು ಎಂದಲ್ಲ, ಬಿಲ್ಲು ಎಷ್ಟು ಎಂದರ್ಥ.

ನಮ್ಮ ‘ದಂಡ’ ಇಂಗ್ಲಿಷಿನ ನಾಲ್ಕಾರು ಪದಗಳ ಕೆಲಸವನ್ನು ಒಂದೇ ಮಾಡುತ್ತದೆ. ಹೆಲ್ಮೆಟ್ ಹಾಕದ್ದಕ್ಕೂ ದಂಡ, ಲೈಬ್ರರಿ ಪುಸ್ತಕ ಕಳೆದದ್ದಕ್ಕೂ ದಂಡ, ಮದುವೆಮನೆಯ ಬಾಡಿಗೆ ಪಾತ್ರೆ ನಗ್ಗಿದ್ದಕ್ಕೂ ದಂಡ ತೆತ್ತೆವು ಎನ್ನುತ್ತೇವೆ. ಇಂಗ್ಲಿಷಿನ ‘ಫೈನ್’ ತಪ್ಪಿಗೆ ಶಿಕ್ಷೆ. ಅದನ್ನು ವಿಧಿಸುವುದು ಸರ್ಕಾರ ಅಥವಾ ಸಂಸ್ಥೆ, ಹಾನಿಯಾದವನ ಕೈಗೆ ಅದು ಹೋಗಬೇಕೆಂದಿಲ್ಲ. ನಷ್ಟ ತುಂಬಿಕೊಡುವುದು ಬೇರೆ. ಈ ಭೇದ ಪಂಡಿತರ ಕೂದಲು ಸೀಳುವ ಆಟವಲ್ಲ. 1936ರ ವೇತನ ಪಾವತಿ ಕಾಯ್ದೆ ಅವೆರಡನ್ನೂ ಕೂಲಿಯವನ ಸಂಬಳದಲ್ಲೇ ಬೇರೆ ಮಾಡಿತು. ಆ ಕಾಯ್ದೆಯ ಪ್ರಕಾರ ನೌಕರನಿಗೆ ಹಾಕುವ ಫೈನು ಆ ಅವಧಿಯ ವೇತನದ ಶೇಕಡಾ 3ನ್ನು ಮೀರುವಂತಿರಲಿಲ್ಲ. ವಸೂಲಾದ ಹಣ ಧಣಿಯ ಜೇಬಿಗೆ ಹೋಗುವಂತಿರಲಿಲ್ಲ, ಕಾರ್ಮಿಕರ ಹಿತಕ್ಕೇ ಬಳಕೆಯಾಗಬೇಕಿತ್ತು. ಒಡೆದ ಸಾಮಾನಿನ ನಷ್ಟಕ್ಕೆ ಹಿಡಿಯುವ ಹಣವಾದರೆ ಧಣಿಗೆ ಸೇರುತ್ತಿತ್ತು. ಆದರೆ ಅದಕ್ಕೆ ಆ ಸಾಮಾನು ನೌಕರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ್ದಾಗಿರಬೇಕಿತ್ತು, ನಷ್ಟ ಅವನ ಅಲಕ್ಷ್ಯದಿಂದಲೇ ಆಗಿರಬೇಕಿತ್ತು, ನಷ್ಟಕ್ಕಿಂತ ಒಂದು ಕಾಸೂ ಹೆಚ್ಚು ಹಿಡಿಯುವಂತಿರಲಿಲ್ಲ, ಹಿಡಿಯುವ ಮೊದಲು ಅವನ ಮಾತು ಕೇಳಬೇಕಿತ್ತು.

ದರ್ಶಿನಿಯಲ್ಲಿ ಟ್ರೇ ಹೊತ್ತು ಓಡಾಡುವ ಹುಡುಗನ ಮುಂದೆ ಇಂಥ ಕಾನೂನನ್ನು ಯಾರೂ ಓದುವುದಿಲ್ಲ. ನಾಲ್ಕು ಕಾಫಿ ಲೋಟ ಹೋದರೆ ಕ್ಯಾಷಿನಲ್ಲಿ ಕೂತವರು ‘ಸಂಬಳದಲ್ಲಿ ಮುರ್ಕೊಳ್ತೀನಿ’ ಎನ್ನುತ್ತಾರೆ. ಒಡೆದದ್ದಕ್ಕೆ ಮುರಿದುಕೊಳ್ಳುವುದು! ಇಂಗ್ಲಿಷಿನಲ್ಲಿ ಇದಕ್ಕೆ ‘ಡಾಕ್’ ಎಂಬ ಕ್ರಿಯಾಪದವಿದೆ: ‘ದೇ ಡಾಕ್ಡ್ ಹಿಸ್ ಪೇ’. ಇಲ್ಲವೇ ‘ಇಟ್ ವಿಲ್ ಕಮ್ ಔಟ್ ಆಫ್ ಯುವರ್ ವೇಜಸ್’. ಬ್ರಿಟನ್ನಿನ 1996ರ ಉದ್ಯೋಗ ಹಕ್ಕುಗಳ ಕಾಯ್ದೆ ಅಂಗಡಿ ನೌಕರರ ಗಲ್ಲಾ ಅಥವಾ ದಾಸ್ತಾನು ಕಡಿಮೆ ಬಿದ್ದಾಗ ಒಂದು ಸಂಬಳದಿಂದ ಶೇಕಡಾ 10ಕ್ಕಿಂತ ಹೆಚ್ಚು ಹಿಡಿಯಬಾರದು ಎಂದು ಕಟ್ಟು ಹಾಕಿದೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಕೈತಪ್ಪಿಗೆ ಹಿಡಿಯುವಂತೆಯೇ ಇಲ್ಲ. ಮೋಸ, ಬೇಕೆಂದೇ ಮಾಡಿದ್ದು, ಅತಿಯಾದ ಅಲಕ್ಷ್ಯ ಇವುಗಳಿಗೆ ಮಾತ್ರ ಅವಕಾಶ. ಅಲ್ಲಿ ಓದುತ್ತ ಹೋಟೆಲಿನಲ್ಲಿ ದುಡಿಯುವ ನಮ್ಮ ಹುಡುಗರು ‘ಐ ವಿಲ್ ಪೇ’ ಎಂದು ತಾವಾಗಿ ಮುಂದೆ ಬೀಳುವ ಮೊದಲು ಇದು ತಿಳಿದಿರಲಿ. ಮ್ಯಾನೇಜರಿಗೆ ‘ಐ ಡ್ರಾಪ್ಡ್ ಎ ಟ್ರೇ, ಸಾರಿ’ ಎಂದರೆ ಸಾಕು.

‘ರಿಇಂಬರ್ಸ್’ ಎಂಬುದನ್ನು ನಮ್ಮ ಕಚೇರಿಗಳು ಸರಿಯಾಗಿಯೇ ಕಲಿಸಿವೆ. ಆಸ್ಪತ್ರೆ ಬಿಲ್ಲು ನಾನು ಕಟ್ಟಿದೆ, ಕಂಪನಿ ವಾಪಸು ಕೊಟ್ಟಿತು. ಹಾಗಾಗಿ ಗೆಳತಿ ತನ್ನ ಫೋನಿನ ಪರದೆಯನ್ನು ತಾನೇ ರಿಪೇರಿ ಮಾಡಿಸಿಕೊಂಡಿದ್ದರೆ ಆ ಹಣ ಹಿಂದಿರುಗಿಸಲು ಪದ ಒಪ್ಪುತ್ತದೆ, ‘ಪೇ ಯೂ ಬ್ಯಾಕ್’ ಅದಕ್ಕಿಂತ ಹಗುರ. ‘ರಿಫಂಡ್’ ಕೊಂಡ ವಸ್ತುವಿನ ಹಣ ಮರಳುವುದು, ಒಡೆದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಐ ವಿಲ್ ಮೇಕ್ ಇಟ್ ಅಪ್ ಟು ಯೂ’ ಎಂಬುದು ದುಡ್ಡಿನದಲ್ಲ, ಮನಸ್ಸಿನದು. ಹುಟ್ಟುಹಬ್ಬ ಮರೆತವನು ಹೇಳುವ ಮಾತು.

ಸರ್ಕಾರದ ‘ಪರಿಹಾರ’ಕ್ಕೆ ಬಂದರೆ ಕನ್ನಡ ಪತ್ರಿಕೆಗಳು ಎರಡು ಬೇರೆ ವಸ್ತುಗಳನ್ನು ಒಂದೇ ಪದದಲ್ಲಿ ಕಟ್ಟುತ್ತವೆ. ತಪ್ಪಿಗೆ ಹೊಣೆ ಹೊತ್ತು ಕೊಡುವುದು ಕಾಂಪೆನ್ಸೇಷನ್, ಹೊಣೆ ಒಪ್ಪದೆ ಕರುಣೆಯಿಂದ ಕೊಡುವುದು ‘ಎಕ್ಸ್ ಗ್ರೇಷಿಯಾ’. ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ 2021ರಲ್ಲಿ ನಿಗದಿಯಾದ 50,000 ರೂಪಾಯಿ ಎರಡನೆಯ ಬಗೆಯದು. ಖಾಸಗಿ ಕಂಪನಿಗಳು ಇದನ್ನೇ ‘ಗೆಸ್ಚರ್ ಆಫ್ ಗುಡ್‌ವಿಲ್’ ಎನ್ನುತ್ತವೆ. ಅಂಥ ಪತ್ರದ ನೆತ್ತಿಯ ಮೇಲೆ ‘ವಿದೌಟ್ ಪ್ರೆಜುಡಿಸ್’ ಎಂದಿದ್ದರೆ, ಹಣ ಕೊಡಲು ಮಾತಾಡುತ್ತಿದ್ದೇವೆ, ಆದರೆ ತಪ್ಪು ಒಪ್ಪಿಕೊಂಡಿಲ್ಲ ಎಂದು ಓದಿಕೊಳ್ಳಬೇಕು.

ಹಾಗಾದರೆ ಅಕಸ್ಮಾತ್ ಆದದ್ದಕ್ಕೆ ಹಣ ಕೊಡಲೇಬೇಕೆ? ಇಂಗ್ಲಿಷ್ ಕಾನೂನಿನ ಉತ್ತರ ಬಹುಮಟ್ಟಿಗೆ ‘ಅಲಕ್ಷ್ಯ ಇದ್ದರೆ ಮಾತ್ರ’. ಇದನ್ನು ತಿಳಿಯಲು ಕ್ರಿಕೆಟ್ಟಿಗಿಂತ ಒಳ್ಳೆಯ ಪಾಠ ಇಲ್ಲ. 1947ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನ ಚೀತಮ್ ಮೈದಾನದಿಂದ ಸಿಡಿದ ಸಿಕ್ಸರೊಂದು ಬೇಲಿ ದಾಟಿ ರಸ್ತೆಯಲ್ಲಿ ನಿಂತಿದ್ದ ಬೆಸ್ಸಿ ಸ್ಟೋನ್ ಎಂಬ ಮಹಿಳೆಗೆ ಬಡಿಯಿತು. ಸುಮಾರು 30 ವರ್ಷಗಳಲ್ಲಿ ಚೆಂಡು ಹಾಗೆ ರಸ್ತೆಗೆ ಬಿದ್ದದ್ದು ಆರು ಸಲವೋ ಏನೋ. 1951ರಲ್ಲಿ ಹೌಸ್ ಆಫ್ ಲಾರ್ಡ್ಸ್, ಅಪಾಯ ಅಷ್ಟು ಅಪರೂಪದ್ದಾದ್ದರಿಂದ ಕ್ಲಬ್ಬು ಹೊಣೆಯಲ್ಲ ಎಂದಿತು. 1977ರ ಮಿಲ್ಲರ್ ಪ್ರಕರಣ ಇನ್ನೂ ಸೊಗಸು. ಡರಮ್ ಪ್ರಾಂತದ ಲಿಂಟ್ಸ್ ಎಂಬ ಹಳ್ಳಿಯಲ್ಲಿ 70 ವರ್ಷಗಳಿಂದ ಆಡುತ್ತಿದ್ದ ಮೈದಾನದ ಪಕ್ಕ ಹೊಸ ಮನೆಗಳೆದ್ದವು. ಚೆಂಡುಗಳು ಹೆಂಚಿಗೆ, ಕಿಟಕಿಗೆ, ತೋಟಕ್ಕೆ ಬೀಳತೊಡಗಿದವು. ಕ್ಲಬ್ಬು ಬೇಲಿ ಎತ್ತರಿಸಿತು, ಒಡೆದದ್ದಕ್ಕೆಲ್ಲ ಹಣ ಕೊಡುತ್ತೇವೆ ಎಂದಿತು, ಒಡೆಯದ ಗಾಜು ಹಾಕಿಸಿಕೊಡುತ್ತೇವೆ ಎಂದಿತು. ಮಿಲ್ಲರ್ ದಂಪತಿಗೆ ಬೇಕಿದ್ದದ್ದು ಆಟವೇ ನಿಲ್ಲುವುದು. ಮೇಲ್ಮನವಿ ನ್ಯಾಯಾಲಯ ಕೊನೆಗೆ 400 ಪೌಂಡು ಕೊಡಿಸಿತು, ಆಟ ನಿಲ್ಲಿಸಲಿಲ್ಲ. ಹಳ್ಳಿಯ ಕ್ರಿಕೆಟ್ಟಿನ ಮೇಲೆ ನ್ಯಾಯಾಧೀಶ ಲಾರ್ಡ್ ಡೆನ್ನಿಂಗ್ ಅವರಿಗಿದ್ದ ಪ್ರೀತಿ ಅವರ ತೀರ್ಪಿನ ಮೊದಲ ಸಾಲಿನಿಂದಲೇ ಹರಿಯುತ್ತದೆ. ಅವರು ನಮ್ಮ ಬಸವನಗುಡಿಯ ಗಲ್ಲಿಯಲ್ಲಿ ಹುಟ್ಟಿದ್ದರೂ ಸಲ್ಲುತ್ತಿದ್ದರು.

ಗಲ್ಲಿಯ ನ್ಯಾಯ ಬೇರೆಯೇ. ಮೂರನೇ ಮನೆಯ ಕಿಟಕಿ ಗಾಜು ಹೋದ ಕ್ಷಣವೇ ಆಟಗಾರರೆಲ್ಲ ಮಾಯ. ಚೆಂಡು ಕೇಳಲು ಚಿಕ್ಕವನೊಬ್ಬನನ್ನು ಕಳಿಸುತ್ತಾರೆ. ‘ಆಂಟಿ, ಬಾಲ್ ಕೊಡಿ ಆಂಟಿ.’ ‘ಬಾಲಾ? ಮೊದ್ಲು ನಿಮ್ಮಪ್ಪನ್ನ ಕರ್ಕೊಂಡ್ಬಾ. ಗಾಜಿನ ದುಡ್ಡು ಕೊಟ್ಟು ಬಾಲ್ ತಗೊಂಡ್ಹೋಗ್ಲಿ.’ ಇಲ್ಲಿ ಅಲಕ್ಷ್ಯ, ಅಪಾಯದ ಸಂಭವ ಯಾವುದೂ ವಿಚಾರಣೆಗೆ ಬರುವುದಿಲ್ಲ. ಒಡೆದವರು ಕೊಡಬೇಕು, ಅಷ್ಟೆ. ಇಂಗ್ಲಿಷಿನಲ್ಲಿ ಹೇಳುವುದಾದರೆ ‘ಯೂ ಬ್ರೇಕ್ ಇಟ್, ಯೂ ಬೈ ಇಟ್’.

ಅಮೆರಿಕದ ಅಂಗಡಿಗಳಲ್ಲಿ ಫಲಕವಾಗಿ ತೂಗುವ ಈ ಮಾತು ರಾಜಕಾರಣಕ್ಕೂ ಏರಿತು. ಇರಾಕ್ ಮೇಲೆ ದಂಡೆತ್ತುವ ಮೊದಲು, 2002ರಲ್ಲಿ, ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪವೆಲ್ ಅಧ್ಯಕ್ಷ ಬುಷ್ ಅವರಿಗೆ ಆ ದೇಶವನ್ನು ಮುರಿದರೆ ಅದರ ಜನರೆಲ್ಲ ನಿಮ್ಮ ಪಾಲಿಗೆ ಬರುತ್ತಾರೆ ಎಂಬ ಅರ್ಥದಲ್ಲಿ ಎಚ್ಚರಿಸಿದರು. ಪತ್ರಕರ್ತ ಬಾಬ್ ವುಡ್‌ವರ್ಡ್ 2004ರ ತಮ್ಮ ಪುಸ್ತಕದಲ್ಲಿ ಅದನ್ನು ‘ಪಾಟರಿ ಬಾರ್ನ್ ನಿಯಮ’ ಎಂಬ ಹೆಸರಿನೊಂದಿಗೆ ದಾಖಲಿಸಿದ ಮೇಲೆ ಮಾತು ಮನೆಮಾತಾಯಿತು. ಪಾಟರಿ ಬಾರ್ನ್ ಅಂಗಡಿಯವರಿಗೆ ಮುಜುಗರ. ತಮ್ಮಲ್ಲಿ ಅಂಥ ನಿಯಮವೇ ಇಲ್ಲ, ಗಿರಾಕಿ ಒಡೆದರೆ ನಷ್ಟದ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ ಎಂದು ಅವರು ಹೇಳಬೇಕಾಯಿತು. ಬ್ರಿಟಿಷ್ ಅಂಗಡಿಗಳ ಫಲಕ ಹೆಚ್ಚು ಗಂಭೀರ: ‘ಆಲ್ ಬ್ರೇಕೇಜಸ್ ಮಸ್ಟ್ ಬಿ ಪೇಯ್ಡ್ ಫಾರ್’. ಯಾರು ಒಡೆದರು, ಯಾರು ಕೊಡಬೇಕು, ಏನೂ ಇಲ್ಲ. ಈ ‘ಬ್ರೇಕೇಜ್’ ನಮಗೆ ಹಳೇ ನೆಂಟ. ಪಿಯುಸಿ ಕೆಮಿಸ್ಟ್ರಿ ಲ್ಯಾಬಿನಲ್ಲಿ ಪಿಪೆಟ್ಟು, ಬ್ಯೂರೆಟ್ಟು ಮುರಿದು ಬ್ರೇಕೇಜ್ ಕಟ್ಟದವರು ಅಪರೂಪ. ಆ ಪದ ಅಂಗಡಿ, ಲ್ಯಾಬು, ಹೋಟೆಲುಗಳಲ್ಲಿ ಸರಿ, ಮನೆಯಲ್ಲಿ ಬೇಡ. ಅಂದಹಾಗೆ ಫಲಕ ತೂಗುಹಾಕಿದ ಮಾತ್ರಕ್ಕೆ ಗಿರಾಕಿ ಸಾಲಗಾರನಾಗುವುದಿಲ್ಲ. ಕೋರ್ಟಿಗೆ ಹೋದರೆ ಕಿಕ್ಕಿರಿದ ಓಣಿಯಂಥ ಸಂದಿಯಲ್ಲಿ ಪಿಂಗಾಣಿ ಜೋಡಿಸಿಟ್ಟವನ ತಪ್ಪೂ ತೂಕಕ್ಕೆ ಬೀಳುತ್ತದೆ.

ಬಾಡಿಗೆ ಮನೆಯಲ್ಲಿ ಜಗಳವಾಗುವುದು ಒಡೆದದ್ದಕ್ಕಲ್ಲ, ಸವೆದದ್ದಕ್ಕೆ. ಬ್ರಿಟನ್ನಿನಲ್ಲಿ ‘ಫೇರ್ ವೇರ್ ಅಂಡ್ ಟೇರ್’, ಅಮೆರಿಕದಲ್ಲಿ ‘ನಾರ್ಮಲ್’ ಅಥವಾ ‘ಆರ್ಡಿನರಿ ವೇರ್ ಅಂಡ್ ಟೇರ್’. ವಾಸವಿದ್ದರಿಂದ ಆದ ಸವಕಳಿ ಅದು, ಅದಕ್ಕೆ ಬಾಡಿಗೆದಾರ ಕೊಡಬೇಕಿಲ್ಲ. ಗೋಡೆಯ ಬಣ್ಣ ಮಾಸಿದ್ದು ಸವಕಳಿ, ಟೀವಿ ಸ್ಟ್ಯಾಂಡ್ ಕಿತ್ತಾಗ ಗೋಡೆಯೇ ಕಿತ್ತುಬಂದದ್ದು ಹಾನಿ. ಇಂಗ್ಲೆಂಡಿನಲ್ಲಿ 2007ರಿಂದ ಠೇವಣಿಯನ್ನು ಮೂರನೆಯವರ ಯೋಜನೆಯಡಿ ಕಾಪಾಡಬೇಕು, 2019ರ ಕಾಯ್ದೆಯಂತೆ ಸಾಮಾನ್ಯ ಮನೆಗಳಿಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮನೆ ಬಿಟ್ಟ 21 ದಿನದೊಳಗೆ ಮಾಲೀಕ ಹಿಡಿದುಕೊಂಡದ್ದರ ಬಾಬತ್ತುವಾರು ಲೆಕ್ಕ ಕೊಡಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸಿನ ವಾಡಿಕೆ ಬೆಳೆದು ನಿಂತಿದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡೇ ತಿಂಗಳು ಎಂದರೂ, ಮನೆ ಬಿಡುವಾಗ ‘ಪೇಂಟಿಂಗಿಗೆ ಒಂದು ತಿಂಗಳದ್ದು ಹಿಡ್ಕೊಳ್ತೀವಿ’ ಎಂಬ ಮಾತು ತಪ್ಪದು. ಹೀಗಾಗಿ ‘ವೇರ್ ಅಂಡ್ ಟೇರ್’ ಎಂಬ ನುಡಿಗಟ್ಟು ನಮ್ಮ ಬಾಯಲ್ಲಿ ಯಂತ್ರಗಳಿಗೆ ಅಂಟಿಕೊಂಡಿದೆಯೇ ಹೊರತು ಗೋಡೆಗಳಿಗಲ್ಲ. ಹೊರದೇಶದಲ್ಲಿ ಮನೆ ಹಿಡಿಯುವವರು ಮೊದಲು ಕಲಿಯಬೇಕಾದ ಮೂರು ಪದ ಇವೇ. ‘ದಟ್ಸ್ ಜಸ್ಟ್ ವೇರ್ ಅಂಡ್ ಟೇರ್’ ಎಂದು ಸಮಾಧಾನವಾಗಿ ಹೇಳಿದರೆ ಒಂದೊಂದು ಸಲ ಒಂದು ತಿಂಗಳ ಬಾಡಿಗೆ ಉಳಿಯುತ್ತದೆ.

ರಸ್ತೆಯಲ್ಲಿ ಸಹಜವಾದ ಇಂಗ್ಲಿಷೇ ಅಪಾಯಕಾರಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹಿಂದಿನ ಕಾರು ಬಂದು ಮುತ್ತಿಕ್ಕಿತು ಎನ್ನಿ. ಇಬ್ಬರೂ ಇಳಿಯುತ್ತಾರೆ. ‘ಏನ್ರೀ, ಬ್ರೇಕ್ ಇಲ್ವಾ?’ ‘ಸಾರಿ ಸರ್, ಬೈಕ್‌ನವನು ಅಡ್ಡ ಬಂದ. ಎಷ್ಟಾಗುತ್ತೆ ಹೇಳಿ, ಇಲ್ಲೇ ಸೆಟಲ್ ಮಾಡ್ಕೊಳ್ಳೋಣ.’ ‘ಬಂಪರ್ ಹೋಗಿದೆ ರೀ, ಐದು ಸಾವಿರ ಆಗುತ್ತೆ.’ ‘ಐದಾ? ನನ್ನ ಗ್ಯಾರೇಜಿನವನು ಎರಡಕ್ಕೆ ಮಾಡ್ತಾನೆ.’ ಹಿಂದೆ ನಿಂತ ಮೂವತ್ತು ವಾಹನಗಳ ಹಾರ್ನೇ ಇಲ್ಲಿ ಪಂಚಾಯಿತಿ. ಮೂರು ಸಾವಿರಕ್ಕೆ ಇತ್ಯರ್ಥವಾಗಿ ಹಣ ಫೋನಿನಿಂದ ಫೋನಿಗೆ ಹಾರುತ್ತದೆ.

ಹೀಗೆ ಒಪ್ಪಿಕೊಳ್ಳುವವರು ಓದಿರದ ಒಂದು ಷರತ್ತು ಅವರದೇ ಪಾಲಿಸಿಯಲ್ಲಿರುತ್ತದೆ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಗೆ, ಹಣದ ಮಾತು, ಭರವಸೆ ಯಾವುದನ್ನೂ ಕೊಡಬಾರದು ಎನ್ನುತ್ತದೆ ಅದು. ನಮ್ಮ ಕಾರಿನ ಥರ್ಡ್ ಪಾರ್ಟಿ ವಿಮೆ ಎದುರಿನವರ ಆಸ್ತಿಗೆ 7.5 ಲಕ್ಷ ರೂಪಾಯಿವರೆಗೆ ಕೊಡಬಲ್ಲದು. ಆದರೆ ಮೂರು ಸಾವಿರದ ಬಂಪರಿಗೆ ಯಾರೂ ಆ ದಾರಿ ಹಿಡಿಯುವುದಿಲ್ಲ, ಪೊಲೀಸು, ಕೋರ್ಟು ಎಂದು ಅಲೆಯುವುದಕ್ಕಿಂತ ಇದೇ ವಾಸಿ. ಹೊರದೇಶದಲ್ಲಿ ಹಾಗಲ್ಲ. ಅಲ್ಲಿ ‘ಐ ವಿಲ್ ಪೇ ಫಾರ್ ಇಟ್’ ಎಂಬ ಅಡುಗೆಮನೆಯ ಮಾತನ್ನು ನುಂಗಿಕೊಂಡು ‘ಆರ್ ಯೂ ಓಕೆ?’ ಎಂದು ಕೇಳಿ, ‘ಲೆಟ್ಸ್ ಎಕ್ಸ್‌ಚೇಂಜ್ ಡೀಟೇಲ್ಸ್’ ಎನ್ನಬೇಕು. ಮಿಕ್ಕದ್ದು ವಿಮೆಯವರ ಪಾಲು. ಕ್ಷಮೆ ಕೇಳಲೂ ಹೆದರುವ ಸ್ಥಿತಿ ಬಂದಾಗ ಕಾನೂನೇ ಮಧ್ಯೆ ಬಂತು. ಇಂಗ್ಲೆಂಡಿನ 2006ರ ಕಾಂಪೆನ್ಸೇಷನ್ ಕಾಯ್ದೆ, ಕ್ಷಮೆ ಕೇಳಿದ ಮಾತ್ರಕ್ಕೆ ಅಲಕ್ಷ್ಯ ಒಪ್ಪಿಕೊಂಡಂತಲ್ಲ ಎಂದು ಬರೆಯಿತು. ಕೆನಡಾದ ಒಂಟಾರಿಯೊ 2009ರಲ್ಲಿ ಕ್ಷಮೆಗೆಂದೇ ಒಂದು ಕಾಯ್ದೆ ಮಾಡಿತು. ಮಾತುಮಾತಿಗೆ ಸಾರಿ ಎನ್ನುವ ಜನಕ್ಕೆ ಇದು ಬೇಕಾಗಿತ್ತು.

ವಿಮೆಯ ಮೊದಲ ಪಾಲು ನಾವೇ ಕಟ್ಟಬೇಕಾದದ್ದನ್ನು ಬ್ರಿಟನ್ನಿನಲ್ಲಿ ‘ಎಕ್ಸೆಸ್’, ಅಮೆರಿಕದಲ್ಲಿ ‘ಡಿಡಕ್ಟಿಬಲ್’ ಎನ್ನುತ್ತಾರೆ. ನಾವು ಎರಡನೆಯದನ್ನು ಬಳಸುತ್ತೇವೆ: 1500 ಸಿಸಿವರೆಗಿನ ಕಾರಿಗೆ ಕಡ್ಡಾಯ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000. ಬಾಡಿಗೆ ಕಾರು ತೆಗೆದುಕೊಳ್ಳುವಾಗ ಕೌಂಟರಿನವನು ‘ಡ್ಯಾಮೇಜ್ ವೇವರ್’ ಬೇಕೆ ಎಂದು ಕೇಳಿದರೆ, ತರಚಿದರೂ ನಿಮ್ಮಿಂದ ವಸೂಲಿ ಮಾಡದಿರಲು ಈಗಲೇ ಇಷ್ಟು ಕೊಡಿ ಎಂದರ್ಥ. ತನ್ನದನ್ನು ತಾನೇ ಹಾಳುಮಾಡಿಕೊಂಡು ಕ್ಲೈಮು ಹಾಕಿದವರಲ್ಲಿ ಒಬ್ಬ, ಆಗ ಲಾಸ್ ವೇಗಸ್ಸಿನಲ್ಲಿ ಕ್ಯಾಸಿನೊ ಒಡೆಯನಾಗಿದ್ದ ಸ್ಟೀವ್ ವಿನ್. 13.9 ಕೋಟಿ ಡಾಲರಿಗೆ ಮಾರಾಟಕ್ಕೆ ಮಾತಾಗಿದ್ದ ಪಿಕಾಸೊ ಚಿತ್ರವನ್ನು 2006ರಲ್ಲಿ ಅತಿಥಿಗಳಿಗೆ ತೋರಿಸುತ್ತ ಮೊಣಕೈ ತಗುಲಿಸಿ ತೂತು ಮಾಡಿದ. ವ್ಯಾಪಾರ ಮುರಿಯಿತು, ಇಳಿದ ಬೆಲೆಯ ಬಗ್ಗೆ ವಿಮೆಯವರೊಂದಿಗೆ ವ್ಯಾಜ್ಯವಾಯಿತು. ರಿಪೇರಿಯಾದ ಚಿತ್ರ 2013ರಲ್ಲಿ 15.5 ಕೋಟಿ ಡಾಲರಿಗೆ ಹೋಯಿತು, ಮೊದಲು ಕೊಳ್ಳಬೇಕಿದ್ದವನಿಗೇ!

ಕೊಡುತ್ತೇನೆ ಎಂದಾಗ ಬೇಡ ಎನ್ನುವ ಶಾಸ್ತ್ರವೂ ಇದೆ. ನಮ್ಮಲ್ಲಿ ಅಜ್ಜಿ ‘ಅಯ್ಯೋ ಬಿಡಮ್ಮ, ದೃಷ್ಟಿ ಹೋಯ್ತು ಅಂದ್ಕೋ’ ಎಂದುಬಿಟ್ಟರೆ ಮತ್ತೆ ದುಡ್ಡಿನ ಮಾತೆತ್ತುವುದು ಅವಮಾನ. ಇಂಗ್ಲಿಷಿನ ‘ಡೋಂಟ್ ವರಿ ಅಬೌಟ್ ಇಟ್’ ಅಷ್ಟು ಗಟ್ಟಿಯಲ್ಲ. ಸಣ್ಣದಕ್ಕೆ ಅದೇ ಕೊನೆಯ ಮಾತು. ಬೆಲೆಬಾಳುವುದಾದರೆ ಇನ್ನೊಮ್ಮೆ ‘ನೋ, ರಿಯಲಿ, ಐ ಇನ್ಸಿಸ್ಟ್’ ಎನ್ನುವುದು ವಾಡಿಕೆ. ಆಗಲೂ ಬೇಡ ಎಂದರೆ ನಿಲ್ಲಿಸಬೇಕು. ಮೂರನೇ ಸಲ ಒತ್ತಾಯ ಮಾಡಿ ಜೇಬಿಗೆ ನೋಟು ತುರುಕುವುದು ನಮ್ಮ ಮದುವೆಮನೆಯ ಮುಯ್ಯಿಗೆ ಸರಿ, ಅಲ್ಲಿಗಲ್ಲ.

ಹಣ ಕೇಳುವವರ ಕಷ್ಟ ಇನ್ನೂ ದೊಡ್ಡದು, ಅದರ ಬಗ್ಗೆ ಇಂಗ್ಲಿಷ್ ಪಾಠಗಳು ಬಾಯಿ ಬಿಡುವುದೇ ಇಲ್ಲ. ಹೊರದೇಶದಲ್ಲಿ ಅಲ್ಲಿಯವನೇ ಆದ ರೂಮ್‌ಮೇಟ್ ನಿಮ್ಮ ಲ್ಯಾಪ್‌ಟಾಪ್ ಮೇಲೆ ಕಾಫಿ ಚೆಲ್ಲಿ ಸಾರಿ ಎಂದಷ್ಟೇ ಹೇಳಿ ಸುಮ್ಮನಾಗಿದ್ದಾನೆ. ‘ಯೂ ಶುಡ್ ಪೇ’ ಎಂದರೆ ಜಗಳ. ‘ಕೈಂಡ್ಲಿ ಡು ದ ನೀಡ್‌ಫುಲ್’ ಎಂದರೆ ಅವನಿಗೆ ಅರ್ಥವೇ ಆಗದು. ಮೊದಲು ರಿಪೇರಿಯವನಿಂದ ಅಂದಾಜು ತರಿಸಿ. ಆಮೇಲೆ ಮೊತ್ತವನ್ನು ಮುಚ್ಚಿಡದೆ, ದೂರದೆ ಬರೆಯಿರಿ: ‘ಹೇ, ದ ರಿಪೇರ್ ಕಮ್ಸ್ ಟು 180 ಡಾಲರ್ಸ್. ವುಡ್ ಯೂ ಬಿ ಓಕೆ ಕವರಿಂಗ್ ದಟ್?’ ಅವನ ಹತ್ತಿರ ಅಷ್ಟು ಇಲ್ಲವೆಂದು ಗೊತ್ತಿದ್ದರೆ ‘ಕುಡ್ ವಿ ಸ್ಪ್ಲಿಟ್ ಇಟ್?’ ಎಂದು ಕೇಳಬಹುದು. ಅದಕ್ಕೆ ಅವನಿಂದ ‘ಶೂರ್, ಮೈ ಬ್ಯಾಡ್’ ಎಂದು ಉತ್ತರ ಬಂದರೆ, ಹಣ ಎಂದು ಬರುತ್ತದೆ ಎಂಬುದನ್ನು ಆಗಲೇ ಕೇಳಿಬಿಡಿ.